ಲೆನ್ಯಾ ಹಾಡಿದ್ದು ಆ ದನಿಯಲ್ಲಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಿಯೆನ್ನಾ ಮೂಲದ ನಟಿ, ಗಾಯಕಿ ಲೊಟ್ಟೆ ಲೆನ್ಯಾ ಕುರಿತು ಬಂದ ಲೇಖನ ಓದಿದೆವು. ಕನ್ನಡ ಪತ್ರಿಕೆಯೊಂದು ಅವರಿಗೆ ಮುಕ್ಕಾಲು ಪುಟ ಕೊಟ್ಟದ್ದು ಸಂತೋಷವೇ. ಆದರೆ ಅದರಲ್ಲಿ ಎರಡು ಮಾತುಗಳನ್ನು ತಿದ್ದಲೇಬೇಕು. ಅವರು 1920ರ ದಶಕದ ಬರ್ಲಿನ್‌ನ ಕ್ಯಾಬರೆಗಳಲ್ಲಿ ಹಾಡಿ ಕುಣಿದು ಹೆಸರಾದವರು ಎಂಬುದು ಮೊದಲನೆಯದು. ಅವರ ಒಡಕು, ಗಡಸು ದನಿಯೇ ಆ ಕಾಲದ ಬರ್ಲಿನ್‌ನ ಅಸಲಿ ದನಿ ಎಂಬುದು ಎರಡನೆಯದು. ಮೊದಲನೆಯದು ಬರೀ ಮಾಹಿತಿ ದೋಷ, ತಿದ್ದಿದರೆ ಮುಗಿಯಿತು. ಎರಡನೆಯದು ಹಾಗಲ್ಲ. ಅದನ್ನು ನಂಬಿಕೊಂಡು ಅವರ ಹಾಡುಗಳನ್ನು ಕಲಿಯಲು ಹೊರಡುವವರು ಗಂಟಲು ಕೆಡಿಸಿಕೊಳ್ಳುತ್ತಾರೆ.

ಮೊದಲು ಹೆಸರಿನ ವಿಷಯ. ಲೇಖನದಲ್ಲಿ ಎರಡು ಕಡೆ 'ಲೆಂಜಾ' ಎಂದು ಅಚ್ಚಾಗಿದೆ. ಜರ್ಮನ್ ಕಾಗುಣಿತದಲ್ಲಿ ಆ ಹೆಸರಿನ ನಡುವೆ 'ಜೆ' ಅಕ್ಷರ ಇದ್ದದ್ದು ನಿಜ, ಆದರೆ ಜರ್ಮನ್ನರು ಅದನ್ನು ಯಕಾರವಾಗಿಯೇ ಓದುತ್ತಾರೆ. ಅಮೆರಿಕಕ್ಕೆ ಹೋದ ಮೇಲೆ ಅಲ್ಲಿಯವರ ಬಾಯಲ್ಲಿ ಅದು ಜಕಾರವಾಗದಿರಲೆಂದು ಅವರೇ 'ವೈ' ಹಾಕಿಕೊಂಡರು. ಇನ್ನು 'ಲೊಟ್ಟೆ' ಎಂದು ಓದಿ, ಅದನ್ನು ಸುಳ್ಳು ಎಂಬ ಅರ್ಥದಲ್ಲಿ ಬಳಸುವ ನಮ್ಮ ಕರಾವಳಿಯವರಿಗೆ ನಗು ಬಂದರೆ ಬರಲಿ, ಉಚ್ಚಾರ ಅದೇ.

ಕ್ಯಾಬರೆ ಎಂದೊಡನೆ ನಮ್ಮ ಓದುಗರ ಕಣ್ಣಮುಂದೆ ಬರುವುದು ಹಳೆಯ ಸಿನಿಮಾದ ಖಳನಾಯಕನ ಅಡ್ಡೆ, ಬಣ್ಣದ ದೀಪ, ಗಾಜಿನ ಲೋಟ ಹಿಡಿದು ಕುಣಿಯುವ ಹೆಣ್ಣು. ಯುರೋಪಿನ ಕ್ಯಾಬರೆ ಮುಖ್ಯವಾಗಿ ಮಾತು ಮತ್ತು ಹಾಡಿನ ಕಲೆ. 1881ರಲ್ಲಿ ಪ್ಯಾರಿಸ್‌ನ ಮೊಂಮಾರ್ತ್ರದಲ್ಲಿ 'ಷಾ ನ್ವಾರ್' ಶುರುವಾದಾಗ ಅದು ಕವಿಗಳೂ ಚಿತ್ರಕಾರರೂ ಸೇರುವ ಪಾನಗೃಹವಾಗಿತ್ತು. ಬರ್ಲಿನ್‌ಗೆ ಅದು ಬಂದದ್ದು 1901ರಲ್ಲಿ. ಪುಟ್ಟ ವೇದಿಕೆ, ಒಂದು ಪಿಯಾನೊ, ಪ್ರೇಕ್ಷಕರನ್ನು ಕಿಚಾಯಿಸುತ್ತ ಕಾರ್ಯಕ್ರಮ ನಡೆಸಿಕೊಡುವ ಒಬ್ಬ ನಿರೂಪಕ, ಅಂದಿನ ರಾಜಕೀಯವನ್ನು ಕುಟುಕುವ ಹಾಡುಗಳು. ಅಲ್ಲಿ ಹಾಡುವ ಹೆಂಗಸಿಗೆ ಶಾರೀರಕ್ಕಿಂತ ಮುಖ್ಯವಾದದ್ದು ಮಾತನ್ನು ಮುಟ್ಟಿಸುವ ಚಾತುರ್ಯ.

ಲೆನ್ಯಾ ಈ ಲೋಕದವರಲ್ಲ. 1898ರ ಅಕ್ಟೋಬರ್ 18ರಂದು ವಿಯೆನ್ನಾದ ಕೂಲಿಕಾರರ ಬಡಾವಣೆಯಲ್ಲಿ ಹುಟ್ಟಿದವರು. ತಂದೆ ಕುದುರೆಗಾಡಿ ಹೊಡೆಯುತ್ತಿದ್ದರು, ತಾಯಿ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದರು. ಹುಟ್ಟುಹೆಸರು ಕರೋಲಿನೆ ವಿಲ್ಹೆಲ್ಮಿನೆ ಶಾರ್ಲೊಟೆ ಬ್ಲಾಮಾವರ್. ತನಗಿಂತ ಮೊದಲು ಹುಟ್ಟಿ ತೀರಿಹೋದ ಅಕ್ಕನ ಹೆಸರನ್ನೇ ಇವರಿಗೂ ಇಟ್ಟಿದ್ದರು. ಕುಡಿದು ಬಂದ ತಂದೆ ಆ ಸತ್ತ ಮಗುವಿನಂತೆ ಹಾಡೆಂದು ಈ ಮಗುವನ್ನು ಹೊಡೆಯುತ್ತಿದ್ದರು. ಹತ್ತಿರದ ಸಣ್ಣ ಸರ್ಕಸ್‌ನಲ್ಲಿ ಹಗ್ಗದ ಮೇಲೆ ನಡೆದದ್ದು ಮೊದಲ ರಂಗಾನುಭವ. ಹದಿಹರೆಯದಲ್ಲೇ ಜ್ಯೂರಿಕ್ ಸೇರಿ ಅಲ್ಲಿನ ರಂಗಮಂದಿರದಲ್ಲಿ ಬ್ಯಾಲೆ ಮತ್ತು ಅಭಿನಯ ಕಲಿತು 1921ರಲ್ಲಿ ಬರ್ಲಿನ್‌ಗೆ ಬಂದರು. ಅವರು ಅಲ್ಲಿಗೆ ಬಂದದ್ದು ನಾಟಕದ ನಟಿಯಾಗಿ. ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಕಿವಿಯಿಂದಲೇ ಕಲಿಕೆ.

ಸಂಗೀತಗಾರ ಕುರ್ಟ್ ವೈಲ್ ಅವರ ಪರಿಚಯವಾದದ್ದು 1924ರಲ್ಲಿ. ನಾಟಕಕಾರ ಗೇಯೋರ್ಗ್ ಕೈಸರ್ ಅವರ ಮನೆಗೆ ಬರುತ್ತಿದ್ದ ವೈಲ್‌ರನ್ನು ಕರೆತರಲು ಲೆನ್ಯಾ ದೋಣಿ ಹುಟ್ಟು ಹಾಕುತ್ತ ಕೆರೆ ದಾಟಿ ಹೋಗಿದ್ದರು. 1926ರ ಜನವರಿಯಲ್ಲಿ ಮದುವೆ. ಮರುವರ್ಷ ಜುಲೈನಲ್ಲಿ ಬಾಡೆನ್-ಬಾಡೆನ್ ಸಂಗೀತೋತ್ಸವದಲ್ಲಿ ಬಾಕ್ಸಿಂಗ್ ಕಣದಂಥ ವೇದಿಕೆಯ ಮೇಲೆ ತರಬೇತಾದ ಒಪೆರಾ ಗಾಯಕರ ನಡುವೆ ನಿಂತು, ಮುರುಕು ಇಂಗ್ಲಿಷಿನ ಹಾಡೊಂದನ್ನು ಕಿವಿಯಲ್ಲಿ ಕಲಿತಷ್ಟನ್ನೇ ಹಾಡಿದರು. ವೈಲ್ ತಮ್ಮ ಹೆಂಡತಿಯ ದನಿಗೆಂದು ಬರೆಯುವುದು ಅಲ್ಲಿಂದ ಶುರು.

ಇನ್ನು 1928ರ ಆಗಸ್ಟ್ 31ರ ರಾತ್ರಿ. ಬರ್ಲಿನ್‌ನ ಷಿಫ್‌ಬವರ್‌ಡಮ್ ರಂಗಮಂದಿರದಲ್ಲಿ 'ತ್ರೀಪೆನ್ನಿ ಒಪೆರಾ'ದ ಮೊದಲ ಪ್ರಯೋಗ. ಸರಿಯಾಗಿ ಇನ್ನೂರು ವರ್ಷ ಹಳೆಯದಾದ ಇಂಗ್ಲಿಷ್ ನಾಟಕವೊಂದನ್ನು ಎಲಿಜಬೆತ್ ಹಾಪ್ಟ್‌ಮನ್ ಜರ್ಮನ್‌ಗೆ ತಂದಿದ್ದರು, ನಾಟಕಕಾರ ಬ್ರೆಕ್ಟ್ ಅದನ್ನು ಮರುರೂಪಿಸಿದ್ದರು, ಸಂಗೀತ ವೈಲ್ ಅವರದು. ಏಳೇ ಜನ ವಾದಕರು ಇಪ್ಪತ್ತಕ್ಕೂ ಹೆಚ್ಚು ವಾದ್ಯಗಳನ್ನು ಬದಲಿಸಿ ಬದಲಿಸಿ ನುಡಿಸುವ ಮೇಳ: ಸ್ಯಾಕ್ಸೊಫೋನ್, ತುತ್ತೂರಿ, ಬ್ಯಾಂಜೊ, ಬ್ಯಾಂಡೋನಿಯನ್, ಜೊತೆಗೆ ಹಾರ್ಮೋನಿಯಂ. ಹೌದು, ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಇಲ್ಲೂ ಇದೆ. ಮೊದಲ ಹಾಡು ಜರ್ಮನ್ ಸಂತೆಗಳಲ್ಲಿ ಕೊಲೆಪಾತಕರ ಕಥೆಯನ್ನು ಲಾವಣಿಯಂತೆ ಹಾಡುವ ಬೀದಿಗಾಯಕರ ಧಾಟಿಯದು. ಅವರ ಕೈಯಲ್ಲಿ ಹಿಡಿ ತಿರುಗಿಸಿ ನುಡಿಸುವ ಪೆಟ್ಟಿಗೆ ಇರುತ್ತಿತ್ತು, ಅದರ ಬಡಕಲು ನಾದವನ್ನು ವೈಲ್ ಹಾರ್ಮೋನಿಯಂನಿಂದ ಹೊರಡಿಸಿದರು. ಮೊದಲ ರಾತ್ರಿ ರಂಗದ ಮೇಲೆ ನಿಜವಾದ ಪೆಟ್ಟಿಗೆಯನ್ನೇ ಇಟ್ಟರು. ಅದು ಕೈಕೊಟ್ಟಿತು, ಗಾಯಕ ಕುರ್ಟ್ ಗೆರಾನ್ ಮೊದಲ ನುಡಿಯನ್ನು ಪಕ್ಕವಾದ್ಯವೇ ಇಲ್ಲದೆ ಹಾಡಬೇಕಾಯಿತು.

ಆ ಪಾತ್ರವರ್ಗದಲ್ಲಿ ನಿಜವಾದ ಕ್ಯಾಬರೆಯವರು ಇದ್ದರು. ಈ ಗೆರಾನ್ ಅವರೇ ಒಬ್ಬರು. ಮುಂದೆ 1944ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಶ್ರೀಮತಿ ಪೀಚಮ್ ಪಾತ್ರದ ರೋಸಾ ವಲೆಟ್ಟಿ ಇನ್ನೊಬ್ಬರು, ತಮ್ಮದೇ ಕ್ಯಾಬರೆ ನಡೆಸಿದವರು. ವೇಶ್ಯೆ ಜೆನ್ನಿಯ ಸಣ್ಣ ಪಾತ್ರ ಮಾಡಿದ ಲೆನ್ಯಾ ನಾಟಕದ ಕಡೆಯವರು. ಅಂದು ಹಂಚಿದ ಮುದ್ರಿತ ಪಟ್ಟಿಯಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು. ವೈಲ್ ಸಿಟ್ಟಿನಿಂದ ಕೂಗಾಡಿದರು, ಸಮಾಧಾನ ಮಾಡಿ ರಂಗಕ್ಕೆ ಹೊರಟವರು ಲೆನ್ಯಾ.

ಲೇಖನದಲ್ಲಿ ಇನ್ನೊಂದು ತಪ್ಪಿದೆ, ಇದನ್ನು ಬಹಳ ಜನ ಮಾಡುತ್ತಾರೆ. ಕಡಲುಗಳ್ಳರ ಜೆನ್ನಿಯ ಹಾಡನ್ನು ಲೆನ್ಯಾ ಅಂದು ಹಾಡಲಿಲ್ಲ. ಮೂಲ ನಾಟಕದಲ್ಲಿ ಅದು ಪಾಲಿ ಎಂಬ ಇನ್ನೊಂದು ಪಾತ್ರದ ಹಾಡು. ಕುದುರೆಲಾಯದಲ್ಲಿ ನಡೆಯುವ ತನ್ನ ಮದುವೆಯ ದಿನ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗಿಯೊಬ್ಬಳನ್ನು ಅನುಕರಿಸಿ ಪಾಲಿ ಅದನ್ನು ಹಾಡಿ ತೋರಿಸುತ್ತಾಳೆ. ಹಾಡಿನೊಳಗಿನ ಹುಡುಗಿಯ ಹೆಸರು ಜೆನ್ನಿ, ನಾಟಕದೊಳಗಿನ ವೇಶ್ಯೆಯ ಹೆಸರೂ ಜೆನ್ನಿ. ಗೊಂದಲದ ಮೂಲ ಅಲ್ಲಿದೆ. 1931ರಲ್ಲಿ ನಿರ್ದೇಶಕ ಪಾಬ್ಸ್ಟ್ ಈ ನಾಟಕವನ್ನು ಸಿನಿಮಾ ಮಾಡಿದಾಗ ಆ ಹಾಡನ್ನು ಪಾಲಿಯಿಂದ ತೆಗೆದು ಲೆನ್ಯಾಗೆ ಕೊಟ್ಟರು, ಅಲ್ಲಿಂದ ಅದು ಅವರದೇ ಆಗಿಹೋಯಿತು. ಕೊಟ್ಟದ್ದು ವ್ಯರ್ಥವಾಗಲಿಲ್ಲ. ಆ ದೃಶ್ಯವನ್ನು ಒಮ್ಮೆ ನೋಡಬೇಕು. ಕುಣಿತವಿಲ್ಲ, ಕೈ ಬೀಸುವುದಿಲ್ಲ, ಹೆಚ್ಚುಕಡಿಮೆ ನಿಂತಲ್ಲೇ ನಿಂತು ಹಾಡುತ್ತಾರೆ. ಹಾಡಿನೊಳಗಿನ ಹುಡುಗಿ ಊರಿನವರ ತಲೆ ಉರುಳಿಸುವ ಜಾಗದಲ್ಲಿ ಬರುವ 'ಹೊಪ್ಲಾ' ಎಂಬ ಪದವನ್ನು ಅಬ್ಬರಿಸುವುದಿಲ್ಲ. ಕೈಜಾರಿ ಚಮಚ ಬಿದ್ದರೆ ಹೇಳುವಷ್ಟೇ ಹಗುರವಾಗಿ ಹೇಳುತ್ತಾರೆ. ಇಂದು ಅದನ್ನು ಹಾಡುವ ಬಹುಪಾಲು ಗಾಯಕಿಯರು ಅಲ್ಲೇ ಕಿರುಚುತ್ತಾರೆ, ಹಾಡು ಅಲ್ಲೇ ಸಾಯುತ್ತದೆ.

ಈಗ ದನಿಯ ವಿಷಯಕ್ಕೆ ಬರೋಣ. ಆ ಸಿನಿಮಾದಲ್ಲಿ ಕೇಳುವುದು ಯಾವ ದನಿ? ಎತ್ತರದ, ತೆಳುವಾದ, ತುಸು ಮಗುವಿನ ದನಿ. ವೇಗವಾದ ಸಣ್ಣ ಕಂಪನ, ಹರಿತವಾದ ವ್ಯಂಜನಗಳು. ಗಡಸು ಎಲ್ಲಿಯೂ ಇಲ್ಲ. ನಿಮ್ಮ ಲೇಖಕರು ಬಣ್ಣಿಸಿದ ದನಿ ಇರುವುದು 1955ರ ಬೇಸಿಗೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಮುದ್ರಿಸಿದ ಎಲ್‌ಪಿಯಲ್ಲಿ. ಆಗ ಅವರಿಗೆ 56 ವರ್ಷ. ಹಾಡುಗಳು 1920ರ ದಶಕದವು, ಶಾರೀರ 1950ರ ದಶಕದ್ದು. ನಡುವೆ ಕಾಲು ಶತಮಾನಕ್ಕೂ ಮಿಕ್ಕ ಸಿಗರೇಟು, ದೇಶಾಂತರ, ವೇದಿಕೆಯಿಂದ ದೂರವಿದ್ದ ವರ್ಷಗಳು. ಆ ಎಲ್‌ಪಿ ಅದ್ಭುತವಾಗಿದೆ ಎಂಬುದರಲ್ಲಿ ನಮಗೂ ಎರಡು ಮಾತಿಲ್ಲ. ಅದನ್ನು ಬರ್ಲಿನ್ ಕಾಲದ ಸಾಕ್ಷ್ಯ ಎಂದು ಹಿಡಿಯಬಾರದು ಎಂಬುದಷ್ಟೇ ತಕರಾರು.

ಇದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು. ಮೂರು ಮುದ್ರಣಗಳು ಸಾಕು: 1930ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಮೂಲ ಮೇಳದ ಜೊತೆ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು, 1943ರಲ್ಲಿ ನ್ಯೂಯಾರ್ಕಿನಲ್ಲಿ ಪಿಯಾನೊ ಜೊತೆ ಹಾಡಿದ ಆರು ಹಾಡುಗಳು, 1955ರ ಎಲ್‌ಪಿ. ಶ್ರುತಿ ನೋಡುವ ಒಂದು ಆ್ಯಪ್ ಹಾಕಿಕೊಂಡು ಪ್ರತಿ ಹಾಡಿನ ಕೊನೆಯ ಸ್ವರ ಯಾವುದೆಂದು ಬರೆದುಕೊಂಡು, ವರ್ಷದಿಂದ ವರ್ಷಕ್ಕೆ ಶ್ರುತಿ ಎಷ್ಟು ಬದಲಾಗಿದೆ ನೋಡಿ. ಹಾರ್ಮೋನಿಯಂ ಇದ್ದರೂ ಆದೀತು, ಆದರೆ ನಮ್ಮ ಹಳೆಯ ಪೆಟ್ಟಿಗೆಗಳೆಲ್ಲ 440 ಹರ್ಟ್ಜ್ ಎಂಬ ಪ್ರಮಾಣ ಶ್ರುತಿಗೆ ಸರಿಯಾಗಿ ಕೂತಿರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಬೇಕು. ಒಂದೇ ಹಾಡು ಬೇರೆ ಬೇರೆ ವರ್ಷದಲ್ಲಿ ಸಿಕ್ಕರೆ ಹೋಲಿಕೆ ಇನ್ನೂ ಸುಲಭ.

ಇಲ್ಲಿ ಎಡವುವ ಜಾಗಗಳಿವೆ. ಹಳೆಯ ತಟ್ಟೆಯನ್ನು ಡಿಜಿಟಲ್‌ಗೆ ತರುವಾಗ ತಟ್ಟೆ ಶೇ 6ರಷ್ಟು ಹೆಚ್ಚು ವೇಗವಾಗಿ ತಿರುಗಿದ್ದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು, ಅಂದರೆ ಅರ್ಧ ಸ್ವರದಷ್ಟು, ಏರುತ್ತದೆ. ಆ ಕಾಲದಲ್ಲಿ ಎಲ್ಲ ತಟ್ಟೆಗಳೂ ಸರಿಯಾಗಿ ನಿಮಿಷಕ್ಕೆ 78 ಸುತ್ತಿನವೇ ಆಗಿರಲಿಲ್ಲ. ಮೇಳದ ಸ್ವರ ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿರಬಹುದು ಎಂದು ಅನುಮಾನಿಸಿ. ಸಿನಿಮಾದ್ದು ಬೇರೆ ತೊಂದರೆ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗೆ ಇಳಿಸುವಾಗ 25ಕ್ಕೆ ಓಡಿಸುತ್ತಾರೆ. ವೇಗ ಶೇ 4ರಷ್ಟು ಹೆಚ್ಚಿ, ಶ್ರುತಿ ಮುಕ್ಕಾಲು ಮನೆಗೆ ಸ್ವಲ್ಪ ಕಡಿಮೆ ಏರುತ್ತದೆ. ಅಂಥ ಪ್ರತಿಯಲ್ಲಿ ಲೆನ್ಯಾ ಇದ್ದದ್ದಕ್ಕಿಂತ ಎಳಸಾಗಿ ಕೇಳಿಸುತ್ತಾರೆ.

ಹಾಗಾದರೆ ಆ ತೆಳುದನಿಯೇ ಯಂತ್ರದ ದೋಷ ಅಲ್ಲವೇ ಎಂದು ವಾದಿಸುವವರಿದ್ದಾರೆ. ದನಿಯ ಮೈಕಟ್ಟಿನ ಮಟ್ಟಿಗೆ ಅದರಲ್ಲಿ ಅರೆಸತ್ಯವಿದೆ, ಆ ತಟ್ಟೆಗಳು ಮಂದ್ರದ ತೂಕವನ್ನು ಪೂರ್ತಿ ಹಿಡಿಯುತ್ತಿರಲಿಲ್ಲ. ಆದರೆ ಶ್ರುತಿಯ ವಿಷಯ ಬೇರೆ. ಐದು ಮನೆಯಷ್ಟು ವ್ಯತ್ಯಾಸ ಯಂತ್ರದಿಂದಲೇ ಬರಬೇಕಾದರೆ ತಟ್ಟೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ವೇಗವಾಗಿ ಓಡಿರಬೇಕು. ಹಾಗೆ ಓಡಿದರೆ ಜೊತೆಗೆ ಹಾಡುವ ಗಂಡಸರೆಲ್ಲ ಕಾರ್ಟೂನಿನ ಅಳಿಲುಗಳಂತೆ ಕೇಳಿಸುತ್ತಿದ್ದರು.

ಐದು ಮನೆ ಎಂದದ್ದಕ್ಕೆ ಕಾರಣವಿದೆ. 1933ರ ಜೂನ್‌ನಲ್ಲಿ ಪ್ಯಾರಿಸ್‌ನ ಷಾಂಜೆಲಿಜೆ ರಂಗಮಂದಿರದಲ್ಲಿ ವೈಲ್ ಅವರ ಹಾಡು-ಬ್ಯಾಲೆ 'ಏಳು ಮಹಾಪಾಪಗಳು' ನಡೆದಾಗ ಹಾಡುವ ಆನ್ನಾ ಆಗಿ ಲೆನ್ಯಾ, ಕುಣಿಯುವ ಆನ್ನಾ ಆಗಿ ಟಿಲಿ ಲಾಷ್ ಇದ್ದರು. 1956ರಲ್ಲಿ ಅದನ್ನೇ ಲೆನ್ಯಾ ಮುದ್ರಿಸಲು ಹೊರಟಾಗ ಮೂಲ ಶ್ರುತಿ ಎಟುಕಲಿಲ್ಲ. ವಾದ್ಯಮೇಳದ ನಿರ್ದೇಶಕ ವಿಲ್ಹೆಲ್ಮ್ ಬ್ರೂಕ್ನರ್-ರ‍್ಯೂಗೆಬರ್ಗ್ ಆನ್ನಾಳ ಭಾಗವನ್ನು ಷಡ್ಜದಿಂದ ಶುದ್ಧ ಮಧ್ಯಮದಷ್ಟು, ಅಂದರೆ ಐದು ಮನೆ ಕೆಳಗಿಳಿಸಿದರು. ಆ ಇಳಿಸಿದ ಆವೃತ್ತಿ ಎಷ್ಟು ಜನಪ್ರಿಯವಾಯಿತೆಂದರೆ ಅದೇ ಮೂಲ ಎಂದು ತಿಳಿದವರೂ ಇದ್ದಾರೆ. ವಯಸ್ಸಾದ ಒಬ್ಬ ಗಾಯಕಿಗೆ ಮಾಡಿಕೊಟ್ಟ ಅನುಕೂಲ ಶೈಲಿಯೆಂಬ ಹೆಸರು ಪಡೆಯಿತು.

ಕಲಿಯುವವರಿಗೆ ಇದರಿಂದ ಆಗುವ ತೊಂದರೆ ಬಗೆಬಗೆಯದು. ಸ್ವರಲಿಪಿ ಪುಸ್ತಕದ ಮೂಲ ಶ್ರುತಿಯನ್ನೇ ಇಟ್ಟುಕೊಂಡು ಎಲ್‌ಪಿಯ ಗಡಸನ್ನು ತರಲು ಹೋದರೆ ಎದೆದನಿಯನ್ನು ಬಲವಂತವಾಗಿ ಮೇಲಕ್ಕೆ ದೂಡಬೇಕಾಗುತ್ತದೆ. ದನಿ ತಾನಾಗಿ ಎದೆಯಿಂದ ತಲೆಗೆ ದಾಟಬೇಕಾದ ಜಾಗದಲ್ಲಿ ದಾಟಲು ಬಿಡದೆ ಹಿಡಿದರೆ ನಾಲ್ಕನೇ ಹಾಡಿಗೆ ಗಂಟಲು ಕಟ್ಟುತ್ತದೆ. ಇನ್ನು ಶ್ರುತಿ ಇಳಿಸಿಕೊಂಡರೆ? ಆಗ ಮೇಳವನ್ನೂ ಇಳಿಸಬೇಕು. ಹಿತ್ತಾಳೆ ವಾದ್ಯ, ಸ್ಯಾಕ್ಸೊಫೋನ್, ದನಿ ಎಲ್ಲ ಒಂದೇ ಕೆಳಗಿನ ಪಟ್ಟಿಯಲ್ಲಿ ಗುಂಪುಗೂಡಿ ಮಾತು ಮುಳುಗಿಹೋಗುತ್ತದೆ, ಮೈಕಿಲ್ಲದೆ ಹಿಂದಿನ ಸಾಲಿಗೆ ಏನೂ ಮುಟ್ಟುವುದಿಲ್ಲ. ಎತ್ತರದ ತೆಳುದನಿ ಆ ಮೇಳದ ಮೇಲೆ ತೇಲುತ್ತದೆ. ವೈಲ್‌ಗೆ ಅದು ಗೊತ್ತಿದ್ದೇ ಹಾಗೆ ಬರೆದರು. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಹಾಡನ್ನು ಪೂರ್ತಿ ಮಾತಿನಂತೆ ಆಡಿಬಿಡುವುದು. ಮುದುಕಿ ಲೆನ್ಯಾ ಕೆಲವು ಸಾಲುಗಳನ್ನು ಆಡಿದ್ದಾರೆ ನಿಜ. ಆದರೆ ವೈಲ್ ಪ್ರತಿ ಅಕ್ಷರಕ್ಕೂ ಸ್ವರ ಬರೆದಿದ್ದಾರೆ, ಆ ಸ್ವರ ಕೆಳಗಿನ ಆಧಾರ ಸ್ವರಕ್ಕೆ ತಾಗಿ ಉಂಟಾಗುವ ಕಹಿಯೇ ಹಾಡಿನ ಕಾಟು. ಮಾತಾಡಿಬಿಟ್ಟರೆ ತಾಗುವುದಕ್ಕೆ ಏನೂ ಉಳಿಯುವುದಿಲ್ಲ. 1930ರ ತಟ್ಟೆಯಲ್ಲಿ ಲೆನ್ಯಾ ಸ್ವರಗಳನ್ನು ಹಾಡಿದ್ದಾರೆ, ದೀರ್ಘ ಸ್ವರಗಳನ್ನು ದೀರ್ಘವಾಗಿಯೇ ಹಿಡಿದಿದ್ದಾರೆ.

ನಡುವಿನ ವರ್ಷಗಳನ್ನು ನಿಮ್ಮ ಲೇಖಕರು ಚೆನ್ನಾಗಿ ಬರೆದಿದ್ದಾರೆ, ಸೇರಿಸುವುದು ಕಡಿಮೆ. 1933ರ ಮಾರ್ಚ್‌ನಲ್ಲಿ ಯಹೂದಿಯಾದ ವೈಲ್ ಜರ್ಮನಿ ಬಿಟ್ಟರು, ಅದೇ ವರ್ಷ ಇಬ್ಬರಿಗೂ ವಿಚ್ಛೇದನವಾಯಿತು, ನಾಜಿಗಳು ಸಿನಿಮಾವನ್ನೂ ನಿಷೇಧಿಸಿದರು. 1935ರಲ್ಲಿ ಇಬ್ಬರೂ ಒಟ್ಟಿಗೆ ನ್ಯೂಯಾರ್ಕಿಗೆ ಹಡಗು ಹತ್ತಿ 1937ರಲ್ಲಿ ಮತ್ತೆ ಮದುವೆಯಾದರು. 1938ರಲ್ಲಿ ನ್ಯೂಯಾರ್ಕಿನ 'ಲ ರ‍್ಯೂಬಾ ಬ್ಲ' ನೈಟ್‌ಕ್ಲಬ್ಬಿನಲ್ಲಿ ಲೆನ್ಯಾ ಹಾಡಿದರು. ಕ್ಯಾಬರೆ ಗಾಯಕಿ ಎಂಬ ಪಟ್ಟಕ್ಕೆ ಏನಾದರೂ ಆಧಾರ ಬೇಕಿದ್ದರೆ ಅದು ಇಲ್ಲಿದೆ. ಅದೂ ಬರ್ಲಿನ್‌ನಲ್ಲಲ್ಲ. 1945ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ಡಚೆಸ್ ಪಾತ್ರ ಮಾಡಿದ ನಾಟಕ 43 ಪ್ರದರ್ಶನಕ್ಕೆ ನಿಂತುಹೋಯಿತು. 1950ರ ಏಪ್ರಿಲ್ 3ರಂದು ವೈಲ್ ತೀರಿಕೊಂಡಾಗ ಲೆನ್ಯಾ ಅಮೆರಿಕದಲ್ಲಿ ಹೆಚ್ಚುಕಡಿಮೆ ಯಾರಿಗೂ ಗೊತ್ತಿರದ ನಟಿ.

ಮತ್ತೆ ರಂಗಕ್ಕೆ ತಂದವರು ಎರಡನೆಯ ಗಂಡ, ಪತ್ರಿಕಾ ಸಂಪಾದಕ ಜಾರ್ಜ್ ಡೇವಿಸ್. 1954ರ ಮಾರ್ಚ್ 10ರಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ 299 ಆಸನಗಳ ಥಿಯೇಟರ್ ಡಿ ಲೀಸ್‌ನಲ್ಲಿ ಮಾರ್ಕ್ ಬ್ಲಿಟ್ಜ್‌ಸ್ಟೈನ್ ಅವರ ಇಂಗ್ಲಿಷ್ 'ತ್ರೀಪೆನ್ನಿ' ಶುರುವಾಯಿತು. 1933ರಲ್ಲಿ ಬ್ರಾಡ್‌ವೇಯಲ್ಲಿ ಇದೇ ನಾಟಕ 12 ಪ್ರದರ್ಶನಕ್ಕೆ ಮುಗ್ಗರಿಸಿತ್ತು. 55ರ ವಯಸ್ಸಿನಲ್ಲಿ ಜೆನ್ನಿಯಾಗಲು ಲೆನ್ಯಾಗೆ ಅಳುಕು, ಡೇವಿಸ್ ಬಿಡಲಿಲ್ಲ. ಬ್ಲಿಟ್ಜ್‌ಸ್ಟೈನ್ ಆವೃತ್ತಿಯಲ್ಲಿ ಕಡಲುಗಳ್ಳರ ಹಾಡು ಜೆನ್ನಿಯ ಪಾಲಿಗೇ ಬಂತು. ಆ ರಂಗಮಂದಿರವನ್ನು ಬೇರೆ ನಾಟಕಕ್ಕೆ ಮೊದಲೇ ಗೊತ್ತುಮಾಡಿದ್ದರಿಂದ 96 ಪ್ರದರ್ಶನಕ್ಕೆ ನಿಲ್ಲಿಸಬೇಕಾಯಿತು. 1955ರ ಸೆಪ್ಟೆಂಬರ್ 20ಕ್ಕೆ ಮತ್ತೆ ತೆರೆ ಎದ್ದು 1961ರ ಡಿಸೆಂಬರ್‌ವರೆಗೆ ಓಡಿತು, ಒಟ್ಟು 2,707 ಪ್ರದರ್ಶನ. ಲೆನ್ಯಾ ಅಷ್ಟೂ ದಿನ ಅದರಲ್ಲಿ ಇರಲಿಲ್ಲ. 1956ರಲ್ಲಿ ಅವರಿಗೆ ಬ್ರಾಡ್‌ವೇ ರಂಗಭೂಮಿಗೆಂದು ಕೊಡುವ ಟೋನಿ ಪ್ರಶಸ್ತಿ ಬಂತು. ಬ್ರಾಡ್‌ವೇ ಹೊರಗಿನ ಪುಟ್ಟ ರಂಗಮಂದಿರದ ಪ್ರಯೋಗಕ್ಕೆ ಆ ಪ್ರಶಸ್ತಿ ಬಂದದ್ದು ಅಪರೂಪದಲ್ಲಿ ಅಪರೂಪ.

'ತ್ರೀಪೆನ್ನಿ'ಯ ಆ ಮೊದಲ ಹಾಡಿನ ಇಂಗ್ಲಿಷ್ ರೂಪ 'ಮ್ಯಾಕ್ ದ ನೈಫ್' ಅನ್ನು ಜಾಜ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದಾಗ ಅದರಲ್ಲಿ ಲೆನ್ಯಾ ಹೆಸರು ಬರುವುದು ಮೂಲ ಸಾಹಿತ್ಯದಲ್ಲೇ ಇತ್ತು ಎಂಬಂತೆ ಲೇಖನದಲ್ಲಿದೆ. ಇರಲಿಲ್ಲ. 1955ರ ಸೆಪ್ಟೆಂಬರ್ 28ರ ಮುದ್ರಣಕ್ಕೆ ಲೆನ್ಯಾ ಸ್ಟುಡಿಯೊಗೆ ಬಂದಿದ್ದರು. ಎದುರಿಗಿದ್ದವರ ಹೆಸರನ್ನು ಆರ್ಮ್‌ಸ್ಟ್ರಾಂಗ್ ಹಾಡಿನೊಳಗಿನ ಹೆಂಗಸರ ಪಟ್ಟಿಗೆ ಸೇರಿಸಿಬಿಟ್ಟರು. 1959ರಲ್ಲಿ ಗಾಯಕ ಬಾಬಿ ಡ್ಯಾರಿನ್ ಅದನ್ನೇ ಉಳಿಸಿಕೊಂಡರು. ಅದೇ ದಿನ ಇಬ್ಬರೂ ಸೇರಿ ಹಾಡಿದ ತಾಲೀಮಿನ ಮುದ್ರಣವೂ ಉಳಿದಿದೆ. ಜಾಜ್‌ನ ಎಡಪೆಟ್ಟು, ಅಂದರೆ ತಾಳದ ಪೆಟ್ಟನ್ನು ತಪ್ಪಿಸಿ ಹಾಡುವುದು, ಲೆನ್ಯಾಗೆ ಹಿಡಿಯುತ್ತಿಲ್ಲ, ಅಕ್ಷರ ತಾಳದ ಪೆಟ್ಟಿನ ಮೇಲೇ ಸರಿಯಾಗಿ ಬಂದು ಕೂರುತ್ತದೆ, ಆರ್ಮ್‌ಸ್ಟ್ರಾಂಗ್ ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಬರ್ಲಿನ್‌ನ ಆ ಸಂಗೀತ ಜಾಜ್ ಎಂದುಕೊಂಡಿರುವವರು ಇದನ್ನು ಕೇಳಬೇಕು. ವೈಲ್ ಜಾಜ್‌ನಿಂದ ವಾದ್ಯಗಳನ್ನು ತಂದರು, ಲಯವನ್ನು ಅಷ್ಟಾಗಿ ತರಲಿಲ್ಲ.

ಇನ್ನು ಬರ್ಲಿನ್ ಕ್ಯಾಬರೆ ಗಾಯಕಿ ಎಂಬ ಆ ಪಟ್ಟ ಬಂದದ್ದಾದರೂ ಎಲ್ಲಿಂದ? 1966ರ ನವೆಂಬರ್ 20ರಂದು ಬ್ರಾಡ್‌ವೇಯಲ್ಲಿ 'ಕ್ಯಾಬರೆ' ಎಂಬ ಸಂಗೀತ ನಾಟಕ ತೆರೆಕಂಡು 1,165 ಪ್ರದರ್ಶನ ಕಂಡಿತು. ಅದರಲ್ಲಿ ಲೆನ್ಯಾ ಇದ್ದರು, ನಿಜ. ಆದರೆ ಕ್ಯಾಬರೆ ಗಾಯಕಿ ಸ್ಯಾಲಿ ಬೌಲ್ಸ್ ಆಗಿ ಅಲ್ಲ. 68ರ ಲೆನ್ಯಾ ಮಾಡಿದ್ದು ಬಾಡಿಗೆ ಕೋಣೆ ಕೊಡುವ ಒಡತಿ, ಫ್ರಾಯ್ಲೈನ್ ಷ್ನೈಡರ್ ಪಾತ್ರ. ಹಣ್ಣಿನಂಗಡಿಯ ಯಹೂದಿಯನ್ನು ಮೆಚ್ಚಿ, ನಾಜಿಗಳ ಭಯಕ್ಕೆ ಮದುವೆ ಬೇಡವೆನ್ನುವ ಮುದುಕಿ. ಇಡೀ ನಾಟಕದಲ್ಲಿ ಆಕೆ ಕ್ಯಾಬರೆಯ ವೇದಿಕೆ ಹತ್ತಿ ಹಾಡುವುದೇ ಇಲ್ಲ. 1972ರ ಸಿನಿಮಾ ಆ ಪಾತ್ರದ ಹಾಡುಗಳನ್ನೆಲ್ಲ ಕಿತ್ತುಹಾಕಿ ಅದನ್ನು ಮೂಲೆಗೆ ತಳ್ಳಿತು, ಹಾಗಾಗಿ ಬರೀ ಸಿನಿಮಾ ನೋಡಿದವರಿಗೆ ನಾಟಕದ ಹೆಸರೂ ಲೆನ್ಯಾ ಹೆಸರೂ ಸೇರಿ ಏನೋ ಒಂದು ಕಲ್ಪನೆ ಮೂಡುತ್ತದೆ.

1962ರಲ್ಲಿ ಅವರು ಕುರ್ಟ್ ವೈಲ್ ಪ್ರತಿಷ್ಠಾನ ಸ್ಥಾಪಿಸಿದರು. ನಾವು ಇಂದು ಮೂಲ ಸ್ವರಲಿಪಿ ನೋಡಿ ಈ ಪತ್ರ ಬರೆಯಲು ಆಗುತ್ತಿರುವುದಕ್ಕೂ ಆಕೆಯೇ ಕಾರಣ, ತಮ್ಮ ಎಲ್‌ಪಿಗಳನ್ನು ತಾವೇ ಅಲ್ಲಗಳೆಯುವ ದಾಖಲೆಗಳನ್ನು ಜೋಪಾನ ಮಾಡಿಟ್ಟರು. 1981ರ ನವೆಂಬರ್ 27ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು, ಸಮಾಧಿ ನ್ಯೂಯಾರ್ಕ್ ಬಳಿಯ ಹ್ಯಾವರ್‌ಸ್ಟ್ರಾದಲ್ಲಿ ವೈಲ್ ಪಕ್ಕದಲ್ಲೇ ಇದೆ. ಲೇಖನದಲ್ಲಿ ಬರ್ಲಿನ್ ಎಂದಿದೆ, ತಿದ್ದಿಕೊಳ್ಳಬೇಕು.

ಚಿತ್ರದ ಅಡಿಬರಹವನ್ನೂ ತಿದ್ದಿ. 'ಜೆನ್ನಿ ಪಾತ್ರದಲ್ಲಿ ಲೆನ್ಯಾ, 1928' ಎಂದು ಅಚ್ಚಾಗಿದೆ. ಕನ್ನಡಕ, ಸೈನ್ಯದ ಸಮವಸ್ತ್ರ ತೊಟ್ಟ ಆ ಹೆಂಗಸು 1963ರ ಜೇಮ್ಸ್ ಬಾಂಡ್ ಚಿತ್ರದ ರೋಸಾ ಕ್ಲೆಬ್, ಬೂಟಿನ ತುದಿಯಲ್ಲಿ ವಿಷದ ಅಲಗು ಇಟ್ಟುಕೊಂಡವಳು.

ಇತಿ,
ಹಳೆಯ ರಂಗಸಂಗೀತದ ತಟ್ಟೆಗಳನ್ನು ಕೇಳುವ ಕೆಲವು ಓದುಗರು